ಮಾವನ ಚೀನಾ ಹಾಡು

ನನ್ನ ಸೋದರಮಾವ ಪ್ರಾಯದಲ್ಲಿ ಮುಂಬೈಯ ಹೋಟೆಲೊಂದರ ಬ್ಯಾಂಡಿನಲ್ಲಿ ಗಿಟಾರ್ ಬಾರಿಸುತ್ತಿದ್ದವರು. ಅಮೆರಿಕದ ಹಳೆಯ ರಾಕ್ ಅಂಡ್ ರೋಲ್ ಹಾಡುಗಳೆಂದರೆ ಈಗಲೂ ಅವರಿಗೆ ಪ್ರಾಣ. ನನಗೆ ಈಗ ಅವು ಕಿವಿಗೆ ಬಿದ್ದರೂ ಮೈ ಉರಿಯುತ್ತದೆ.

ನನ್ನ ಹೆಂಡತಿ ಮಣಿಪುರದವಳು, ಮಣಿಪಾಲದಲ್ಲಿ ನರ್ಸ್. ಪರ್ಕಳದಲ್ಲಿ ನಮ್ಮ ಬಾಡಿಗೆ ಮನೆ. ಕಳೆದ ವರ್ಷ ಮಾವನ ಮಗಳ ಮೆಹಂದಿಗೆಂದು ಕಾಪುವಿಗೆ ಹೋಗಿದ್ದೆವು. ಅಂಗಳದಲ್ಲಿ ಶಾಮಿಯಾನ, ಆಳೆತ್ತರದ ಸ್ಪೀಕರ್. ಮಾವ ಮೈಕ್ ಹಿಡಿದು, "ಈ ಹಾಡು ನಮ್ಮ ಚೀನಾದ ಸೊಸೆಗೆ" ಎಂದರು.

ಬಟ್ಟೆ ಒಗೆಯುವ ಚೀನೀಯನೊಬ್ಬನನ್ನು ಗೇಲಿ ಮಾಡುವ ಹಾಡು ಅದು. ಮಾವ ಮೂಗಿನಲ್ಲಿ "ಚಿಂಗ್ ಚಾಂಗ್" ಎನ್ನುತ್ತ, ಬೆರಳಿನಿಂದ ಕಣ್ಣಿನ ತುದಿ ಎಳೆದು ಕುಣಿದರು. ಜನ ಚಪ್ಪಾಳೆ ತಟ್ಟಿದರು. ಮಕ್ಕಳೂ ಕಣ್ಣು ಎಳೆದುಕೊಂಡು ನನ್ನ ಹೆಂಡತಿಯ ಸುತ್ತ ಕುಣಿಯತೊಡಗಿದವು. ಅವಳ ಕೈಯ ಮೆಹಂದಿ ಇನ್ನೂ ಹಸಿಯಾಗಿತ್ತು. ಎರಡೂ ಕೈ ಚಾಚಿಕೊಂಡು ಕುಳಿತೇ ಇದ್ದಳು.

ನಾನು ಹೋಗಿ ಸ್ಪೀಕರಿನ ವಯರ್ ಕಿತ್ತೆಸೆದೆ.

"ಎಂತ ಅಳಿಯ ಇದು? ಆ ಕಾಲದ ಹಾಡು ಮಾರಾಯ, ಬರೀ ತಮಾಷೆ!"

"ಇದೇ ತಮಾಷೆಯನ್ನು ಇವಳು ಬಸ್ಸಿನಲ್ಲಿ ದಿನಾ ಕೇಳ್ತಾಳೆ ಮಾವ. ಮುಂಬೈಯಲ್ಲಿ ಯಾರೋ ಬಿಳಿಯನೊಬ್ಬ ಇಂಡಿಯಾದ ಹಾವಾಡಿಗರನ್ನು ಗೇಲಿ ಮಾಡುವ ಹಾಡು ಹಾಡಿ ಅಂದಾಗ ನೀವು ಗಿಟಾರ್ ಕೆಳಗಿಟ್ಟು ಹೊರಗೆ ಹೋಗಿದ್ದಿರಿ. ನೀವೇ ಹೇಳಿದ್ದಲ್ವಾ?"

"ಅದು ನಮ್ಮ ಬಗ್ಗೆ ಅಲ್ವಾ!" ಎಂದರು ಮಾವ, ಅಷ್ಟು ಜನರೆದುರು, ಒಂದಿಷ್ಟೂ ನಾಚಿಕೆಯಿಲ್ಲದೆ.

ಊಟ ಮಾಡದೆ ಹೊರಟೆವು. ದಾರಿಯಲ್ಲಿ ಕಟಪಾಡಿ ದಾಟುತ್ತಿದ್ದಂತೆ ಅವಳು ನನ್ನ ಮೇಲೆಯೇ ಸಿಡಿದಳು.

"ವಯರ್ ಕೀಳಲಿಕ್ಕೆ ನಿಮಗೆ ಯಾರು ಹೇಳಿದ್ದು? ಮೈಕ್ ನನಗೆ ತಂದು ಕೊಡಬೇಕಿತ್ತು. ನನಗೂ ಬಾಯಿ ಉಂಟು."



ಮರುದಿನ ಕಾರ್ಕಳದಿಂದ ಅಮ್ಮನ ಫೋನು. "ಒಂದು ಹಾಡಿಗೋಸ್ಕರ ನನ್ನ ತಮ್ಮನ ಮರ್ಯಾದೆ ತೆಗೆದಿಯಲ್ಲ, ಹೋಗಿ ಕ್ಷಮೆ ಕೇಳು." ನಾನು ಕೇಳಲಿಲ್ಲ. ಮದುವೆಗೂ ಹೋಗಲಿಲ್ಲ. ಹೆಂಡತಿ ಅಂದು ಬೇಕೆಂದೇ ಡ್ಯೂಟಿ ಹಾಕಿಸಿಕೊಂಡಳು. ಅಮ್ಮ ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟರು.

ಮೊನ್ನೆ ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಮಾವ ಎದುರಾದರು. ಜೊತೆಗಿದ್ದ ಹೆಂಡತಿ ನಿಲ್ಲದೆ ಹೋಗಿ ಬಸ್ಸು ಹತ್ತಿದಳು. ಮಾವ ನಗುತ್ತ ನನ್ನ ಹೆಗಲ ಮೇಲೆ ಕೈಯಿಟ್ಟು, "ಇನ್ನೂ ಕೋಪ ಉಂಟಾ ಅಳಿಯ?" ಎಂದರು.

"ಉಂಟು" ಎಂದು ಕೈ ಸರಿಸಿ ನಾನೂ ಬಸ್ಸು ಹತ್ತಿದೆ.