ಅಪ್ಪನ ಪಕ್ಷ

ಉಪಚುನಾವಣೆ ಘೋಷಣೆಯಾದಾಗಿನಿಂದ ಚಾಮರಾಜಪೇಟೆಯ ನೂಲಿನ ವ್ಯಾಪಾರಿ ಷಡಕ್ಷರಿಯವರಿಗೆ ಕೂತರೂ ನೆಮ್ಮದಿಯಿಲ್ಲ, ನಿಂತರೂ ನೆಮ್ಮದಿಯಿಲ್ಲ. ಅಂಗಡಿಗೆ ಬಂದವರನ್ನೆಲ್ಲ “ಯಾರಿಗ್ರೀ ಹಾಕ್ತೀರ ಓಟು?” ಎಂದು ಹಿಡಿದು ನಿಲ್ಲಿಸುತ್ತಾರೆ, ಅವರು ಯಾರ ಹೆಸರು ಹೇಳಿದರೂ ಇವರು ಎದುರಾಳಿಯ ಪರ ವಾದಕ್ಕಿಳಿಯುತ್ತಾರೆ. ಕಾಫಿಯ ಹೊತ್ತಿಗೆ ಮಾಡಿದ ತೀರ್ಮಾನ ಊಟದ ಹೊತ್ತಿಗೆ ಇನ್ನೊಂದು ಪಕ್ಷಕ್ಕೆ ವಾಲಿರುತ್ತದೆ. “ಮನಸ್ಸಿಗೆ ಬಂದೋರಿಗೆ ಹಾಕ್ಬನ್ನಿ ಅತ್ಲಾಗೆ” ಎಂದು ಹೆಂಡತಿ ಅಂದರೆ, “ಅಪ್ಪ ಸಾಯೋವರ್ಗೂ ಒಂದೇ ಪಕ್ಷಕ್ಕೆ ಹಾಕಿದ್ದು ಕಣೇ, ನಾನು ಬಿಡ್ಲಾ?” ಎಂದು ಸಿಡುಕಿ, ಚಪ್ಪಲಿ ಮೆಟ್ಟಿ ಮತ್ತೆ ಬೀದಿಗಿಳಿಯುತ್ತಾರೆ. ಅಲ್ಲಿ ಎದುರು ಪಕ್ಷದ ಅಭ್ಯರ್ಥಿ ಕೈಮುಗಿದರೆ ಮಾತ್ರ ವಾದವೆಲ್ಲ ಬಿಟ್ಟು ಇವರೂ ಕೈಮುಗಿಯುತ್ತಾರೆ. ಲಾಕ್‌ಡೌನಿನಲ್ಲಿ ಅಪ್ಪ ತೀರಿಕೊಂಡಾಗ ನೆಂಟರಿಷ್ಟರೆಲ್ಲ ಬಾಗಿಲು ಹಾಕಿಕೊಂಡಿದ್ದರು. ಹೆಗಲು ಕೊಡಲು ಬಂದವನು ಅವನೊಬ್ಬನೇ.