ಹನ್ನೆರಡನೇ ಡಬ್ಬ

ಬಿಳಿಗೆರೆಯ ಅನಿತಾಳಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರೆಲ್ಲ ಹೇಳುತ್ತದೆ. ಊರಿಗೇನು, ಬಾಯಿದೆ, ಹೇಳುತ್ತದೆ. ಆ ಸಿಟ್ಟನ್ನು ಅಲ್ಲಿಗೆ ತಂದು ಕೂರಿಸಿದವರು ಯಾರು ಎಂದು ಮಾತ್ರ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಅವಳ ಕೆಲಸ ಡಬ್ಬ ಮಡಚುವುದು. ತಿಪಟೂರಿನ ಒಂದು ಸ್ವೀಟ್ ಅಂಗಡಿಯಿಂದ ಕತ್ತರಿಸಿದ ರಟ್ಟಿನ ಕಟ್ಟುಗಳು ಆಟೋದಲ್ಲಿ ಮನೆಗೆ ಬರುತ್ತವೆ. ಗೆರೆ ಬಿದ್ದ ಕಡೆ ಮಡಚಿ, ಕಿವಿಗಳನ್ನು ಒಳಗೆ ಸಿಕ್ಕಿಸಿದರೆ ಡಬ್ಬ. ಒಂದು ಕೆಜಿಯದು, ಅರ್ಧ ಕೆಜಿಯದು, ನಾಮಕರಣಕ್ಕೆ ಬಂದವರ ಕೈಗೆ ಎರಡು ಲಾಡು ಹಾಕಿ ಕೊಡುವ ಪುಟಾಣಿಯದು. ಒಲೆಯ ಮೇಲೆ ಬೇಳೆ ಬೇಯುವಷ್ಟರಲ್ಲಿ ನೂರು ಡಬ್ಬ ಎದ್ದು ನಿಲ್ಲುತ್ತವೆ. ಮೂವತ್ತನಾಲ್ಕು ವರ್ಷಕ್ಕೇ ಅವಳ ಹೆಬ್ಬೆರಳುಗಳು ರಟ್ಟಿನ ಅಂಚು ತಾಗಿ ತಾಗಿ ದಡ್ಡುಗಟ್ಟಿವೆ. ಊರಿನ ಎಷ್ಟೋ ಮದುವೆಯ ಸಿಹಿ ಅವಳ ಕೈ ಹಾದು ಹೋಗಿದೆ, ಖಾಲಿಯಾಗಿ.

ಗಂಡ ಹನುಮಂತರಾಜು ಕಾಯಿ ಸುಲಿಯುವುದರಲ್ಲಿ ಎತ್ತಿದ ಕೈ. ನೆಟ್ಟ ಹಾರೆಯ ಮುಂದೆ ನಿಂತರೆ ಮೂರೇ ತಿರುವಿಗೆ ಒಂದು ಕಾಯಿ ಬೋಳು. ಊರ ಹಿಂದೆ ಸ್ವಂತದ್ದು ನಲವತ್ತು ತೆಂಗಿನ ಮರ, ಒಂದು ಬೋರ್‌ವೆಲ್, ಒಂದು ಮೋಟರ್ ಮನೆ. ಒಳ್ಳೆಯ ಮಾತುಗಾರ. ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡುವವನು ಇವನೇ. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಮಾತನ್ನು ಹಿರಿಯರು ಇವನನ್ನು ನೋಡಿಯೇ ಕಟ್ಟಿರಬೇಕು. ಏಕೆಂದರೆ ಸಂಜೆಯಾದರೆ ಅವನಿಗೆ ಕುಡಿಯಬೇಕು. ಕುಡಿದರೆ ಆ ಒಳ್ಳೆಯ ಮಾತುಗಾರನ ಬಾಯಲ್ಲಿ ಬರುವ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆದರೆ ವರ್ಷಕ್ಕೆ ನಲವತ್ತೆಂಟು ದಿನ ಅವನು ಬೇರೆಯೇ ಮನುಷ್ಯ. ಕಾರ್ತಿಕ ಬಂತೆಂದರೆ ಅಯ್ಯಪ್ಪನ ಮಾಲೆ ಹಾಕುತ್ತಾನೆ. ಕಪ್ಪು ಪಂಚೆ, ಬರಿಗಾಲು, ಕೋಳಿ ಕೂಗುವ ಮೊದಲೇ ತಣ್ಣೀರು ಸ್ನಾನ, ಚಾಪೆಯ ಮೇಲೆ ನಿದ್ದೆ. ಹೆಂಡದ ವಾಸನೆಯೂ ಸುಳಿಯುವುದಿಲ್ಲ. ಹೆಂಡತಿ, ತಾಯಿ, ಊರು ಎಲ್ಲರೂ ಅವನನ್ನು "ಸ್ವಾಮಿ" ಎಂದೇ ಕರೆಯಬೇಕು. ಅವನೂ ಎಲ್ಲರನ್ನೂ "ಸ್ವಾಮಿ" ಎನ್ನುತ್ತಾನೆ. ಅವನಿಗೆ ಮಡಿಯಲ್ಲಿ ಬೇರೆ ಅಡಿಗೆ, ಬೇರೆ ಪಾತ್ರೆ. ಆ ಪಾತ್ರೆ ತಿಕ್ಕುವವಳು ಯಾರು ಎಂದು ಬೇರೆ ಹೇಳಬೇಕೆ? ಆದರೂ ಆ ನಲವತ್ತೆಂಟು ದಿನ ಮನೆಯಲ್ಲಿ ದನಿ ಏರುವುದಿಲ್ಲ ಎಂದು ಅನಿತಾ ಎರಡು ಪಟ್ಟು ದುಡಿದೂ ಸುಮ್ಮನಿರುತ್ತಿದ್ದಳು.

ಬೆಟ್ಟಕ್ಕೆ ಹೋಗಿ ಬಂದು, ಮಾಲೆ ತೆಗೆದು ದೇವರ ಪಟಕ್ಕೆ ಹಾಕಿದ ದಿನವೇ ತೋಟದಲ್ಲಿ ಬಾಡೂಟ. ಬಾಡೂಟವೆಂದರೆ ಬರೀ ಬಾಡಲ್ಲ. ಹೋದ ವರ್ಷ ಅಲ್ಲಿಂದ ತೂರಾಡಿಕೊಂಡು ಬಂದವನು ನಡುಮನೆಯಲ್ಲಿ ಜೋಡಿಸಿಟ್ಟಿದ್ದ ನಾನೂರು ಡಬ್ಬದ ಮೇಲೆ ದೊಪ್ಪನೆ ಬಿದ್ದ. ಯಾರದೋ ಮಗಳ ಆರತಕ್ಷತೆಯ ಡಬ್ಬಗಳು. ಅನಿತಾ ಕೂಗಾಡಿದಳು. ಅತ್ತೆ ಪುಟ್ಟಗೌರಮ್ಮ ಅವಳ ಬಾಯಿಯನ್ನೇ ಮುಚ್ಚಿಸಿದಳು.

"ನಲವತ್ತೆಂಟು ದಿನ ಕಟ್ಟುನಿಟ್ಟಾಗಿ ಇದ್ದವ್ನೆ ಕಣವ್ವ. ಒಂದು ದಿನಕ್ಕೆ ಏನಾಯ್ತದೆ, ಬುಡು."

"ಒಂದು ದಿನಾನಾ ಅತ್ತೆ? ನಲವತ್ತೆಂಟು ದಿನ ದೇವ್ರಿಗೆ ಹೆದರ್ಕೊಂಡು ಇರಕ್ಕಾಯ್ತದೆ. ಮಿಕ್ಕ ಮುನ್ನೂರ ಹದಿನೇಳು ದಿನ ನಮ್ಮ ತಲೆ ಮೇಲೆ. ಬಿಡಕ್ಕೆ ಆಗಲ್ಲ ಅನ್ನೋರಾಗಿದ್ರೆ ಅಯ್ಯೋ ಪಾಪ ಅಂತಿದ್ದೆ. ಆಯ್ತದೆ ಅಂತ ವರ್ಷಾ ವರ್ಷಾ ತೋರಿಸ್ತಾರಲ್ಲ, ಅದಕ್ಕೇ ಹೊಟ್ಟೆ ಉರಿಯೋದು."

ಅವಳ ಸಿಟ್ಟಿನ ತಾಯಿಬೇರು ಇದು. ನನ್ನನ್ನು ಕೇಳಿದರೆ ಅದರಲ್ಲಿ ಒಂದಕ್ಷರವೂ ತಪ್ಪಿಲ್ಲ.

ಈ ಸಲ ಡಿಸೆಂಬರಿನಲ್ಲಿ ಮಗಳು ಯೋಗಿತಾ ಶಾಲೆಯಿಂದ ಒಂದು ಸುದ್ದಿ ತಂದಳು. ಒಂಬತ್ತು ವರ್ಷದ ಹುಡುಗಿ, ತಿಪಟೂರಿಗೆ ವ್ಯಾನಿನಲ್ಲಿ ಹೋಗಿ ಬರುತ್ತಾಳೆ. ಅವರ ಇಂಗ್ಲಿಷ್ ಮಿಸ್ಸು ಇಪ್ಪತ್ತನಾಲ್ಕು ಸಣ್ಣ ಡಬ್ಬಗಳಿಗೆ ನಂಬರ್ ಬರೆದು ಗೋಡೆಗೆ ಅಂಟಿಸಿದ್ದಾರಂತೆ. ಕ್ರಿಸ್‌ಮಸ್ ಬರುವವರೆಗೆ ದಿನಕ್ಕೊಂದೇ ತೆಗೆಯಬೇಕು, ಒಳಗಿನ ಸಿಹಿ ಹಂಚಿಕೊಂಡು ತಿನ್ನಬೇಕು, ನಾಳೆಯದನ್ನು ಇವತ್ತು ಮುಟ್ಟುವ ಹಾಗಿಲ್ಲ. ಅಡ್ವೆಂಟ್ ಕ್ಯಾಲೆಂಡರ್ ಎಂದು ಅದರ ಹೆಸರು.

"ಕಾಯೋದು ಕಷ್ಟ ಅಮ್ಮ, ಆದ್ರೆ ದಿನಾ ಒಂದು ಸಿಗತ್ತಲ್ಲ, ಕಾಯಬೋದು," ಎಂದಳು ಯೋಗಿತಾ.

ಅನಿತಾಳ ಕೈ ರಟ್ಟಿನ ಮೇಲೆ ನಿಂತಿತು. ಮಿಸ್ಸಿನ ಡಬ್ಬಗಳು ಹಬ್ಬ ಬಂದ ದಿನ ಮುಗಿಯುತ್ತವೆ. ಇವರ ಮನೆಯ ಡಬ್ಬಗಳು ಮಾಲೆ ತೆಗೆದ ದಿನ ಶುರುವಾಗಬೇಕು.

ಅಚ್ಚು ತಪ್ಪಿ ಅಂಗಡಿಯವರು ಬೇಡವೆಂದ ಪುಟಾಣಿ ಡಬ್ಬಗಳು ಒಂದಷ್ಟು ಮನೆಯಲ್ಲೇ ಇದ್ದವು. ತಾಯಿ ಮಗಳು ಕೂತು ಇಪ್ಪತ್ತನಾಲ್ಕು ಆರಿಸಿದರು. ಅಚ್ಚಿನ ಕಡೆ ಒಳಗಾಗುವಂತೆ ಅನಿತಾ ತಿರುವಿ ಮಡಚಿದಳು. ಯೋಗಿತಾ ಸ್ಕೆಚ್ ಪೆನ್ನಿನಲ್ಲಿ ಒಂದೊಂದಕ್ಕೂ ನಂಬರ್ ಬರೆದು, ನಂಬರಿನ ಪಕ್ಕ ಒಂದೊಂದು ಹೂವು ಬಿಡಿಸಿದಳು. ಒಂದರ ಹೂವು ಇನ್ನೊಂದಕ್ಕಿಲ್ಲ. ಹಳೆಯ ಪ್ಲೈವುಡ್ ಹಲಗೆಗೆ ಮೊಳೆ ಹೊಡೆದು, ದಾರದಲ್ಲಿ ನಾಲ್ಕು ಸಾಲಾಗಿ ತೂಗುಹಾಕಿದರು. ಒಳಗೆ ಹನುಮಂತರಾಜುವಿಗೆ ಇಷ್ಟವಾದದ್ದೇ ಎಲ್ಲ: ಕೊಬ್ಬರಿ ಮಿಠಾಯಿ, ಎಳ್ಳುಂಡೆ, ಕಡಲೆ ಮಿಠಾಯಿ, ಸಂಕ್ರಾಂತಿಗೆ ಎರೆದ ಸಕ್ಕರೆ ಅಚ್ಚು.

ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಅನಿತಾ ಅವನನ್ನು ಹಲಗೆಯ ಮುಂದೆ ನಿಲ್ಲಿಸಿದಳು.

"ನೋಡಿ ಸ್ವಾಮಿ. ಮಾಲೆ ತೆಗೆದ ಮೇಲೆ ಇಪ್ಪತ್ನಾಕು ದಿನ. ಕುಡೀದೆ ಬಂದು ಮಗಳ ಜೊತೆ ಕೂತು ದಿನಕ್ಕೊಂದು ತೆಗೀಬೇಕು. ದೇವ್ರಿಗೆ ನಲವತ್ತೆಂಟು ಕೊಟ್ರಿ, ಇವಳಿಗೆ ಅದರ ಅರ್ಧ ಕೊಡಿ ಸಾಕು."

"ಆಗ್ಲಿ ಸ್ವಾಮಿ," ಎಂದ ಹನುಮಂತರಾಜು. ಮಗಳ ತಲೆಯ ಮೇಲೆ ಕೈ ಇಟ್ಟೇ ಹೇಳಿದ.

ಅನಿತಾ ನಂಬಿದಳೆಂದು ತಿಳಿಯಬೇಡಿ. ಅವಳ ನಂಬಿಕೆ ಎಂದೋ ಸೋರಿಹೋಗಿತ್ತು. ಆದರೆ ಯೋಗಿತಾ ಇನ್ನೂ ನಂಬುತ್ತಿದ್ದಳು. ಅಪ್ಪನ ವಿಷಯದಲ್ಲಿ ಆ ಮನೆಯಲ್ಲಿ ಮುರಿಯದೆ ಉಳಿದಿದ್ದದ್ದು ಅದೊಂದೇ. ಅದನ್ನು ಉಳಿಸಲೆಂದೇ ಅನಿತಾ ಇಷ್ಟೆಲ್ಲ ಮಾಡಿದ್ದಳು.

ಮಾಲೆ ತೆಗೆದ ದಿನ ತೋಟದಲ್ಲಿ ಹೊಗೆ ಎದ್ದಿತು. ಅನಿತಾ ಹಲ್ಲು ಕಚ್ಚಿಕೊಂಡು ಡಬ್ಬ ಮಡಚುತ್ತಿದ್ದಳು. ಸಂಜೆ ಆರಕ್ಕೆ ಹನುಮಂತರಾಜು ನೆಟ್ಟಗೆ ನಡೆದು ಬಂದ! ಕಾಲು ತೊಳೆದು ಜಗಲಿಯ ಮೇಲೆ ಕೂತ. ಬಾಯಲ್ಲಿ ವಾಸನೆಯಿಲ್ಲ. ಯೋಗಿತಾ ಒಂದನೇ ಡಬ್ಬ ತಂದು ಕೊಟ್ಟಳು. ಒಣಗಿತೋ ಇಲ್ಲವೋ ನೋಡಲು ಕೊಬ್ಬರಿ ಕಾಯನ್ನು ಅಲ್ಲಾಡಿಸುವಂತೆ ಅವನು ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಲೊಡಲೊಡ ಎಂದಿತು. ಮಗಳು ಬಿದ್ದು ಬಿದ್ದು ನಕ್ಕಳು.

ಮಿಠಾಯಿ ತಿಂದ ಮೇಲೆ, "ಖಾಲಿ ಡಬ್ಬ ನಂಗೆ ಕೊಡು ಮಗ, ಇಟ್ಕೊತೀನಿ," ಎಂದ. ಯೋಗಿತಾಳ ಮುಖ ಊರಗಲವಾಯಿತು. ತಾನು ಬಿಡಿಸಿದ ಹೂವನ್ನು ಅಪ್ಪ ಜೋಪಾನ ಮಾಡುತ್ತಾನೆ ಎಂದು ವ್ಯಾನಿನಲ್ಲಿ ಎಲ್ಲರಿಗೂ ಹೇಳಿದಳು.

ಎರಡು, ಮೂರು, ನಾಲ್ಕು. ದಿನಾ ಆರಕ್ಕೆ ಬರುತ್ತಿದ್ದ, ಡಬ್ಬ ತೆಗೆಯುತ್ತಿದ್ದ, ಉಂಡು ತೋಟಕ್ಕೆ ಹೊರಡುತ್ತಿದ್ದ. "ಕರೆಂಟು ಬರೋ ಹೊತ್ತು. ಮೋಟ್ರು ಹಾಕಿ ಅಲ್ಲೇ ಮಲಗ್ತೀನಿ ಕಣೇ." ಮಾಘದ ಬಿಸಿಲು ಶುರುವಾಗುವ ಕಾಲ, ಮರಗಳಿಗೆ ನೀರು ಬೇಕೇ ಬೇಕು. ಬೆಳಿಗ್ಗೆ ತೊಟ್ಟಿಯಲ್ಲಿ ಸ್ನಾನ ಮುಗಿಸಿ ಶುಭ್ರವಾಗಿ ಬರುತ್ತಿದ್ದ. ಹನ್ನೊಂದನೇ ದಿನದ ಹೊತ್ತಿಗೆ ಅನಿತಾಳೂ ಸ್ವಲ್ಪ ಮೆತ್ತಗಾದಳು. ಹಾಗೆ ಮೆತ್ತಗಾದದ್ದಕ್ಕೆ ಅವಳು ಆಮೇಲೆ ತನ್ನನ್ನೇ ಕ್ಷಮಿಸಲಿಲ್ಲ.

ಹನ್ನೆರಡನೇ ದಿನ ಭಾನುವಾರ. ಅವನು ಕಾಯಿ ಸುಲಿಯಲು ತುರುವೇಕೆರೆ ಕಡೆ ಹೋಗಿದ್ದ. ತಾಯಿ ಮಗಳು ಒಲೆಗೆ ಸೋಗೆ, ಮಟ್ಟೆ ತರಲು ತೋಟಕ್ಕೆ ಹೋದರು. ಮಟ್ಟೆ ಕಟ್ಟಲು ಹಗ್ಗ ಬೇಕಾಗಿ ಅನಿತಾ ಮೋಟರ್ ಮನೆಯ ಬಾಗಿಲು ತಳ್ಳಿದಳು.

ಸ್ಟಾರ್ಟರ್ ಡಬ್ಬಿಯ ಕೆಳಗೆ, ಚಾಪೆಯ ಪಕ್ಕದಲ್ಲಿ, ಹನ್ನೊಂದು ಪುಟಾಣಿ ಡಬ್ಬಗಳು ಬಿದ್ದಿದ್ದವು. ಒಂದರಲ್ಲಿ ಖಾರಾ ಮಿಕ್ಸ್ಚರಿನ ಪುಡಿ. ಒಂದರಲ್ಲಿ ಬಾಡಿದ ಈರುಳ್ಳಿ ಚೂರು. ಐದನೆಯದರಲ್ಲಿ ಬೀಡಿ ತುಂಡು ಮತ್ತು ಬೂದಿ. ಎಣ್ಣೆ ಇಳಿದು ಏಳನೆಯದರ ಹೂವು ಕಲಸಿಹೋಗಿತ್ತು. ಮೂಲೆಯಲ್ಲಿ ಹಿಂಡಿ ಎಸೆದ ಹೆಂಡದ ಪ್ಯಾಕೆಟ್ಟುಗಳ ರಾಶಿ.

ಅನಿತಾ ಏಳನೆಯದನ್ನು ಕೈಗೆತ್ತಿಕೊಂಡಳು. ಅವಳ ಸಿಟ್ಟು ಅವನು ಕುಡಿದ ಎಂದಲ್ಲ. ಅವನು ಕುಡಿಯುತ್ತಾನೆಂದು ಅವಳಿಗೆ ಹೊಸದಾಗಿ ಯಾರೂ ಹೇಳಬೇಕಿರಲಿಲ್ಲ. ಮಗಳು ನಾಲಿಗೆ ಕಚ್ಚಿಕೊಂಡು ಬಿಡಿಸಿದ ಹೂವಿನ ಡಬ್ಬವನ್ನು ಹೆಂಡಕ್ಕೆ ನೆಂಚಿಕೊಳ್ಳುವ ತಟ್ಟೆ ಮಾಡಿಕೊಂಡಿದ್ದಾನಲ್ಲ! ನೀವು ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಜಾತಿ ಅವನದು. ಆರು ಗಂಟೆಗೆ ಕುಡಿಯದೆ ಬಂದು ಡಬ್ಬ ತೆಗೆದ, ಮಾತು ಉಳಿಯಿತು. ಮಾಲೆಯೂ ಹಾಗೆಯೇ, ಕೊರಳಿಂದ ಇಳಿದ ಕ್ಷಣಕ್ಕೆ ವ್ರತ ಮುಗಿಯಿತು. ಅವಳು ಇಷ್ಟು ಕಷ್ಟಪಟ್ಟು ಅವನಿಗೆ ಇನ್ನೊಂದು ಮಾಲೆ ಮಾಡಿ ಕೊಟ್ಟಿದ್ದಳು, ಅಷ್ಟೇ.

ಯೋಗಿತಾ ದೂರದಲ್ಲಿ ಸೋಗೆ ಎಳೆಯುತ್ತಿದ್ದಳು. ಅನಿತಾ ಬಾಗಿಲೆಳೆದುಕೊಂಡು ಬಂದಳು. "ಹಗ್ಗ ಸಿಗ್ಲಿಲ್ಲ, ನಡಿ," ಎಂದಳು. ಸ್ವಲ್ಪ ದೂರ ನಡೆದ ಮೇಲೆ, "ನೀರು ಕುಡ್ಕೊಂಡು ಬತ್ತೀನಿ," ಎಂದು ಹುಡುಗಿ ತೊಟ್ಟಿಯ ಕಡೆ ಓಡಿದಳು. ತೊಟ್ಟಿ ಇರುವುದು ಮೋಟರ್ ಮನೆಯ ಪಕ್ಕದಲ್ಲೇ. ಅನಿತಾಳಿಗೆ ಆಗ ಅದು ಹೊಳೆಯಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದಳು. ಪುಟ್ಟಗೌರಮ್ಮ ಎಲೆಗೆ ಸುಣ್ಣ ಸವರುತ್ತ, "ಮನೇಲಂತೂ ಕುಡೀಲಿಲ್ವಲ್ಲವ್ವ," ಎಂದಳು.

"ಹೌದಾ? ಹಂಗಾದ್ರೆ ಆರತಿ ಎತ್ತಿ ಒಳಗೆ ಕರ್ಕೊಳ್ಳಿ," ಎಂದಳು ಅನಿತಾ. ಮಧ್ಯಾಹ್ನವೆಲ್ಲ ಅವಳು ಒಂದೇ ಒಂದು ಡಬ್ಬ ಮಡಚಲಿಲ್ಲ. ಮಗಳನ್ನು ಪಕ್ಕದ ಮನೆಗೆ ಕಳಿಸಿ, ಊರು ಕೇಳುವ ಹಾಗೆ ಏನೇನು ಬೈಯಬೇಕೆಂದು ಮನಸ್ಸಿನಲ್ಲೇ ಒಂದೊಂದಾಗಿ ಜೋಡಿಸಿಕೊಂಡಳು.

ಆದರೆ ಸಂಜೆ ಯೋಗಿತಾ ಪಕ್ಕದ ಮನೆಗೆ ಹೋಗಲು ಒಪ್ಪಲಿಲ್ಲ. ಅನಿತಾ ಬಾಯಿ ತೆರೆಯುವ ಮೊದಲೇ, ಕಾಲು ತೊಳೆದು ಜಗಲಿಯ ಮೇಲೆ ಕೂತ ಅಪ್ಪನ ಕೈಗೆ ಹನ್ನೆರಡನೇ ಡಬ್ಬ ಕೊಟ್ಟಳು. ಅವನು ಎಂದಿನಂತೆ ಕಿವಿಗೆ ಹಿಡಿದು ಅಲ್ಲಾಡಿಸಿದ. ಇವತ್ತು ಲೊಡಲೊಡ ಎನ್ನಲಿಲ್ಲ, ಸರಸರ ಎಂದಿತು.

ತೆಗೆದ. ಒಳಗೆ ಖಾರಾ ಮಿಕ್ಸ್ಚರ್, ದಪ್ಪ ದಪ್ಪ ಹೆಚ್ಚಿದ ಈರುಳ್ಳಿ, ಒಂದು ಹಸಿಮೆಣಸಿನಕಾಯಿ.

"ಏನ್ ಮಗ ಇದು?"

"ನಿಂಗೆ ಬೇಕಾಗಿರೋದು ಅಪ್ಪ. ಖಾಲಿ ಡಬ್ಬ ತಗೊಂಡೋಗಿ ಅಲ್ಲಿ ತುಂಬ್ಕೊಳ್ಳೋದು ಯಾಕೆ ಅಂತ ನಾನೇ ತುಂಬ್ದೆ. ಈರುಳ್ಳಿ ನಾನೇ ಹೆಚ್ಚಿದ್ದು."

ಹುಡುಗಿ ಅಳಲಿಲ್ಲ. ಕೆಳದುಟಿ ಕಚ್ಚಿ, ಮೂಗಿನ ಹೊಳ್ಳೆ ಅರಳಿಸಿ, ಕಣ್ಣು ಕೀಳದೆ ನಿಂತಿದ್ದಳು. ಅನಿತಾಳಿಗೆ ಆ ಮುಖದ ಗುರುತು ಚೆನ್ನಾಗಿತ್ತು. ದಿನಾ ಕನ್ನಡಿಯಲ್ಲಿ ನೋಡುವ ಮುಖವೇ ಅದು. ಅದು ಮಗಳಿಗೆ ಒಂಬತ್ತು ವರ್ಷಕ್ಕೇ ಬಂದುಬಿಟ್ಟಿತಲ್ಲ! ಇಷ್ಟು ವರ್ಷ ಬಂದ ಸಿಟ್ಟೆಲ್ಲ ಒಂದು ಕಡೆ, ಈ ಸಿಟ್ಟೇ ಒಂದು ಕಡೆ.

ಹನುಮಂತರಾಜು ಮಗಳನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದ. "ಕುಡೀದೆ ಬಂದು ಡಬ್ಬ ತೆಗೀಬೇಕು ಅಂತ ತಾನೆ ನೀನು ಹೇಳಿದ್ದು? ನಾನು ಒಂದು ದಿನಾನೂ ತಪ್ಪಿಲ್ವಲ್ಲೇ!"

ಮಧ್ಯಾಹ್ನ ಜೋಡಿಸಿಟ್ಟ ಬೈಗುಳವನ್ನೆಲ್ಲ ಅನಿತಾ ಬಿಟ್ಟುಬಿಟ್ಟಳು. ಎದ್ದು ಒಳಗೆ ಹೋಗಿ, ಉಳಿದ ಹನ್ನೆರಡು ಡಬ್ಬಗಳನ್ನು ದಾರದ ಸಮೇತ ಕಿತ್ತು ತಂದು ಜಗಲಿಯ ಮೇಲೆ ಸುರಿದಳು.

"ಸರಿಯಾಗೇ ಹೇಳಿದ್ರಿ. ತಪ್ಪು ನಂದೇ. ಇನ್ಮೇಲೆ ನಿಮ್ಮ ದಿನ ನೀವೇ ಎಣಿಸ್ಕೊಳ್ಳಿ, ನಾವು ಕಾಯಲ್ಲ. ಬಾರೇ ಯೋಗಿ, ಕೂತ್ಕೊ. ತಿನ್ನು."

"ಎಲ್ಲಾನೂ ಇವತ್ತೇನಾ ಅಮ್ಮ?"

"ಎಲ್ಲಾನೂ ಇವತ್ತೇ."

ಹದಿಮೂರನೆಯದರಿಂದ ಶುರು ಮಾಡಿದರು. ಸಕ್ಕರೆ ಅಚ್ಚಿನ ನವಿಲಿನ ತಲೆ ಮಗಳಿಗೆ, ಬಾಲ ತಾಯಿಗೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ನೋಡಲಿ ಎಂದು ಅನಿತಾ ಇನ್ನಷ್ಟು ಜೋರಾಗಿ ಕಡಲೆ ಮಿಠಾಯಿ ಕಡಿದಳು. ಹದಿನೇಳರ ಹೊತ್ತಿಗೆ ಯೋಗಿತಾಳ ಕಣ್ಣಿಂದ ನೀರು ಇಳಿಯತೊಡಗಿತು. ಆದರೂ ಅವಳು ತಿನ್ನುವುದನ್ನು ನಿಲ್ಲಿಸಲಿಲ್ಲ. ಅನಿತಾ ಸೆರಗಿನಿಂದ ಮಗಳ ಮೂಗು ಒರೆಸಿ ಮುಂದಿನ ಡಬ್ಬ ತೆಗೆದಳು.

ಹನುಮಂತರಾಜು ಹನ್ನೆರಡನೇ ಡಬ್ಬ ಹಿಡಿದುಕೊಂಡು ಜಗಲಿಯಿಂದ ಇಳಿದು ಅಂಗಳದಲ್ಲಿ ನಿಂತಿದ್ದ. ತೋಟಕ್ಕೆ ಹೋಗುವ ಹೊತ್ತು ಮೀರಿತ್ತು. ಹೋಗಬೇಡ ಎಂದು ಯಾರೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವನು ಅಂಗಳದ ಮೂಲೆಯಲ್ಲಿ ಕೂತಿದ್ದ ತಾಯಿಯ ಮುಖ ನೋಡಿದ.

ಪುಟ್ಟಗೌರಮ್ಮ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು ಬಾಯಿ ಮುಕ್ಕಳಿಸಿದಳು. ಮಗನನ್ನು ದಾಟಿಕೊಂಡು ಜಗಲಿ ಹತ್ತಿ ಸೊಸೆಯ ಪಕ್ಕ ಕೂತು ಕೈಯೊಡ್ಡಿದಳು.

"ನಂಗೂ ಒಂದು ಕೊಡವ್ವ," ಎಂದಳು.