ಮೊಳೆ ಕೊಟ್ಟ ಒಂಬತ್ತು

ಸೋಫಾ ಅಕ್ಕನಿಗೆ ಸಿಟ್ಟು ಬಂತೆಂದರೆ ಆ ದಿನ ಅವಳ ಸೋಫಾ ರಿಪೇರಿ ಅಂಗಡಿಯಲ್ಲಿರುವ ಹಳೇ ಸೀಟುಗಳ ಗ್ರಹಚಾರ ಕೆಟ್ಟಿತು ಅಂತಲೇ ಲೆಕ್ಕ. ಬೇರೆಯವರು ಪಾತ್ರೆ ಕುಕ್ಕುತ್ತಾರೆ, ಬಾಗಿಲು ಬಡಿಯುತ್ತಾರೆ. ಅವಳು ರೆಕ್ಸಿನ್ ಹರಿಯುತ್ತಾಳೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗೆ. ಆವತ್ತು ಬೆಳಿಗ್ಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಬಂದಿದ್ದ ಬೆಂಚನ್ನು ಮಗುಚಿ ಹಾಕಿಕೊಂಡು, ಇಕ್ಕಳದಲ್ಲಿ ಹಳೇ ಪಿನ್ನು ಕೀಳುತ್ತಾ, ಒಂದೊಂದು ಪಿನ್ನಿಗೂ ಒಂದೊಂದು ಬೈಗುಳ ಒಪ್ಪಿಸುತ್ತಿದ್ದಳು. ಪಕ್ಕದ ಗಾಜಿನಂಗಡಿಯವನು ಇಣುಕಿ, "ಏನಕ್ಕಾ, ಡಾಕ್ಟರು ಹಲ್ಲು ಕಿತ್ತ ಹಾಗೆ ಕೀಳ್ತಿದೀರಲ್ಲ, ಮರಗಟ್ಟೋ ಇಂಜೆಕ್ಷನ್ ಆದ್ರೂ ಕೊಟ್ರಾ ಅದಕ್ಕೆ?" ಅಂದ. ಅವಳು ಇಕ್ಕಳ ಎತ್ತಿ ತೋರಿಸಿದಳು. ಅವನು ತಲೆ ಒಳಗೆಳೆದುಕೊಂಡ.

ಇಷ್ಟೆಲ್ಲಕ್ಕೂ ಕಾರಣ ಒಂದು ಅಂಕ. ಒಂಬತ್ತು ಇದ್ದದ್ದು ಹತ್ತಾಗಬೇಕಂತೆ. ಒಂದು ಅಂಕಕ್ಕೆ ಯಾರಾದರೂ ಹೀಗೆ ಕುದಿಯುತ್ತಾರೆಯೇ ಅಂತ ಕೇಳುವವರು ಸ್ವಲ್ಪ ಹಿಂದಿನದನ್ನು ಕೇಳಬೇಕು.

ಅಂಗಡಿ ಅವಳ ಅಪ್ಪನದು. ಅಪ್ಪ ಬಾಯಿ ತುಂಬ ಸಣ್ಣ ಮೊಳೆ ಇಟ್ಟುಕೊಂಡು, ಒಂದೊಂದನ್ನೇ ತುಟಿಗೆ ತಂದು ಸುತ್ತಿಗೆಯಿಂದ ಹೊಡೆಯುತ್ತಿದ್ದ ಮನುಷ್ಯ. ಬಾಯಲ್ಲಿ ಮೊಳೆ ಇಲ್ಲದಾಗ ಮಾತು ಮೊಳೆಯ ಹಾಗೇ ಬರುತ್ತಿತ್ತು. ಅವಳಿಗೊಬ್ಬ ತಮ್ಮ. ಕಡ್ಡಿಯ ಹಾಗಿದ್ದ. ಅಪ್ಪ ಅವನನ್ನು ಕರೆಯುತ್ತಿದ್ದದ್ದೇ "ಮೊಳೆ" ಅಂತ. ತಮ್ಮನಿಗೆ ಕೆಲಸದಲ್ಲಿ ಕೈ ಚೆನ್ನಾಗಿತ್ತು, ಆದರೆ ಕಿವಿ ಮಾತ್ರ ಅಂಗಡಿಯಲ್ಲಿರಲಿಲ್ಲ. ಸದಾ ಹೆಡ್‌ಫೋನ್, ಸದಾ ಹಿಪ್‌ಹಾಪ್. ಒಂದು ದಿನ ಗಿರಾಕಿ ಎದುರಿಗೇ ಇದ್ದಾಗ ಅಪ್ಪ ಕರೆದರು, ಮತ್ತೆ ಕರೆದರು, ಇವನಿಗೆ ಕೇಳಿಸಲಿಲ್ಲ. ಅಪ್ಪ ಎದ್ದು ಬಂದು ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಹೆಡ್‌ಫೋನಿನ ವೈರನ್ನು ಕಿವಿಯ ಕೆಳಗೇ ಕಚಕ್ಕೆಂದು ಕತ್ತರಿಸಿದರು. ಮಾತಿಗೆ ಮಾತು ಬೆಳೆಯಿತು. "ಹೋಗು, ಮತ್ತೆ ಈ ಮನೆ ಮೆಟ್ಟಿಲು ಹತ್ತಬೇಡ" ಅಂದರು ಅಪ್ಪ. ಅವನು ಹೋದ. ನೂಲಿನಂತೆ ಸೀರೆ. ಅಪ್ಪನ ಮೂಗು, ಅಪ್ಪನದೇ ಹಟ.

ಕೆಲವು ವರ್ಷ ಕಳೆದು ಅಪ್ಪ ತೀರಿಕೊಂಡರು. ಗೆಳೆಯರ ಕೈಲಿ ಹೇಳಿ ಕಳಿಸಿದರೂ ಅವನು ಬರಲಿಲ್ಲ. ಆಮೇಲೆ ಅವನು ಎಲ್ಲಿದ್ದಾನೆ ಅನ್ನುವುದು ಆ ಗೆಳೆಯರಿಗೂ ಗೊತ್ತಿರಲಿಲ್ಲ. ಸೋಫಾ ಅಕ್ಕನಿಗೆ ಮೊದಲ ಸಿಟ್ಟು ಅದು, ಇನ್ನೂ ಆರದೇ ಇರುವುದು. ಬರಬೇಡ ಅಂದವರೇ ಹೊರಟುಹೋದರು, ಇವನು ಮಾತನ್ನು ಮಾತ್ರ ಭದ್ರವಾಗಿ ಹಿಡಿದುಕೊಂಡು ಕೂತಿದ್ದಾನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು!

ತಮ್ಮನನ್ನು ಮನೆಯಿಂದ ಎಬ್ಬಿಸಿಕೊಂಡು ಹೋದದ್ದು ಅದೆಂಥ ಹಾಡು ಅಂತ ನೋಡಲಿಕ್ಕೇ ಅವಳು ಹಿಪ್‌ಹಾಪ್ ಕೇಳಲು ಕೂತಳು. ಶುರುವಿನಲ್ಲಿ ಯಾರೋ ತಾಳಕ್ಕೆ ಸರಿಯಾಗಿ ಜಗಳ ಆಡುತ್ತಿದ್ದಾರೆ ಅನ್ನಿಸಿತು. ಆಮೇಲೆ ಹಿಡಿಸಿತು. ಜಗಳ ಅವಳಿಗೆ ಗೊತ್ತಿದ್ದ ವಿದ್ಯೆ. ಹುಡುಕುತ್ತಾ ಹೋಗಿ "ಕಿವಿಗೊಟ್ಟವರು" ಅನ್ನುವ ಆನ್‌ಲೈನ್ ಗುಂಪು ಸಿಕ್ಕಿತು. ಹೊಸ ಆಲ್ಬಂ ಬಂದರೆ ಸಾಕು, ಅಲ್ಲಿ ಜನ ಮುಗಿಬಿದ್ದು ಕೇಳುತ್ತಾರೆ, ವಿಮರ್ಶೆ ಬರೆಯುತ್ತಾರೆ, ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ, ಆಮೇಲೆ ಬೇರೆಯವರ ಅಂಕಕ್ಕೆ ಬೈಯುತ್ತಾರೆ. ಅಲ್ಲೊಬ್ಬ ಹಳೇ ಸದಸ್ಯ ಯಾವುದೋ ಹಾಡಿನ ಡ್ರಮ್ಮಿನ ಬಗ್ಗೆ, "ಒದ್ದೆ ಮರಕ್ಕೆ ಪಿನ್ನು ಹೊಡೆದ ಹಾಗೆ, ಸದ್ದು ಬರುತ್ತದೆ, ಹಿಡಿತ ಇಲ್ಲ" ಅಂತ ಬರೆದಿದ್ದ. ಹೆಸರು ನೋಡಿದರೆ "ಮೊಳೆ". ಅವಳು ಅಂಗಡಿಯ ಷಟರ್ ಅರ್ಧ ಎಳೆದು ಒಳಗೆ ಕೂತು ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, "ದಬ್ಬಣ" ಅಂತ ಹೆಸರಿಟ್ಟುಕೊಂಡು ಗುಂಪಿಗೆ ಸೇರಿದಳು. ಚರ್ಮ, ರೆಕ್ಸಿನ್ ಹೊಲಿಯುವ ಆ ದಪ್ಪ ಸೂಜಿಯ ಹೆಸರು ಅವನಿಗೆ ಗೊತ್ತಾಗದೇ ಇರುತ್ತದೆಯೇ?

ಗೊತ್ತಾಯಿತು. ಒಂದು ಆಲ್ಬಮ್ಮಿಗೆ ಅವಳು "ಮೇಲೆ ಹೊಸ ಬಟ್ಟೆ, ಒಳಗೆ ಕುಸಿದ ಫೋಮು, ಹತ್ತಕ್ಕೆ ಮೂರು" ಅಂತ ಬರೆದಾಗ ಕೆಳಗೆ ಮೊಳೆಯ ಉತ್ತರ ಬಂತು: "ದಬ್ಬಣ ಅವರ ಮಾತು ಒಪ್ಪುವಂಥದ್ದು." ಅವರಂತೆ! ಎತ್ತಿ ಆಡಿಸಿದ ಅಕ್ಕನಿಗೆ ಬಹುವಚನ. ಅವಳೂ ಬಿಡಲಿಲ್ಲ, "ಧನ್ಯವಾದಗಳು ಮೊಳೆ ಅವರೇ" ಅಂತ ಬರೆದಳು. ಅಲ್ಲಿಂದಾಚೆಗೆ ಇಬ್ಬರೂ ಅಲ್ಲಿ ದಿನಾ ಎದುರಾದರು, ಅಕ್ಕ-ತಮ್ಮನ ಹಾಗೆ ಒಂದು ದಿನವೂ ಮಾತಾಡಲಿಲ್ಲ. ಮೊದಲು ಮಾತಾಡಿದವರು ಸೋತ ಹಾಗೆ. ಹೀಗೇ ವರ್ಷಗಳು ಉರುಳಿದವು. ಅವಳು ಗುಂಪಿನ ಮೇಲ್ವಿಚಾರಕಿಯೂ ಆದಳು. ಬೆಳಿಗ್ಗೆ ಹುಮ್ಮಸ್ಸಿನಲ್ಲಿ ಹತ್ತು ಕೊಟ್ಟು, ಸಂಜೆ ನಾಲ್ಕು ಜನರ ಮುಖ ನೋಡಿ ಆರಕ್ಕೆ ಇಳಿಸುವವರ ಕಾಟ ತಾಳಲಾರದೆ ಒಂದು ಕಾಯಿದೆ ಮಾಡಿದಳು: ಕೊಟ್ಟ ಅಂಕ ಕೊಟ್ಟದ್ದೇ. ಬದಲಿಸಬೇಕಾದರೆ ಎಲ್ಲರೂ ಓದುವ ಹಾಗೆ ಕಾರಣ ಬರೆದು ಕೇಳಬೇಕು, ದಬ್ಬಣ ಒಪ್ಪಬೇಕು.

ಈಚೆಗೆ ಎಲ್ಲರೂ ಕಾಯುತ್ತಿದ್ದ ಒಂದು ಆಲ್ಬಂ ಬಿಡುಗಡೆಗೆ ಮೊದಲೇ ಸೋರಿ ಗುಂಪಿಗೆ ಬಂತು. ಮನೆ ಬಿಟ್ಟು ಹೋದ ಹುಡುಗನ ಕತೆ. "ಅಗುಳಿ" ಅನ್ನುವ ಹಾಡಿನಿಂದ ಶುರು. ನನಗಾಗಿ ಕಾಯಬೇಡ, ಬಾಗಿಲು ಹಾಕಿಕೋ, ನಾನು ಬರುವುದಿಲ್ಲ ಅನ್ನುತ್ತಾನೆ. ಕೊನೆಯದು "ಹಸಿವು". ಸಂಜೆ ಹುಡುಗ ಮನೆಗೆ ಬರುತ್ತಾನೆ, ಅಮ್ಮ ಬಾಗಿಲು ತೆಗೆದು ಬೈಯುತ್ತಾಳೆ, ಬೈಯುತ್ತಲೇ ತಟ್ಟೆ ಇಡುತ್ತಾಳೆ, ಅವನು ಉಣ್ಣುತ್ತಾನೆ. ಅಷ್ಟೇ. ಗುಂಪು ಹುಚ್ಚೆದ್ದುಹೋಯಿತು. ಔಷಧಿ ಅಂಗಡಿಯವನೊಬ್ಬ ಈ ಕ್ರಮ ಎಷ್ಟು ದಿಟ್ಟವಾದದ್ದು ಅಂತ ಉದ್ದಕ್ಕೆ ಪ್ರಬಂಧವನ್ನೇ ಬರೆದ. ಸೋಫಾ ಅಕ್ಕ ಬರೆದದ್ದು ಒಂದೇ ಸಾಲು: "ಕೊನೆಗೂ ಮನೆಗೆ ಬಂದನಲ್ಲ, ಅಷ್ಟು ಸಾಕು. ಒಂಬತ್ತು." ಅದರ ಕೆಳಗೇ ಮೊಳೆ ಬರೆದ: "ನನ್ನದೂ ಒಂಬತ್ತು. ಕೊನೆಯ ಹಾಡಿಗೆ ಸೋತೆ."

ಸೋತೆ! ಅವನು ಹುಟ್ಟಿದಾಗಿನಿಂದ ಆ ಪದ ಬಳಸಿದ್ದನ್ನು ಅವಳು ಕೇಳಿರಲಿಲ್ಲ. ಕೈಯಲ್ಲಿದ್ದ ಫೋಮಿನ ಹಾಳೆ ಬಿಟ್ಟು ಮೇಲಿನ ಮನೆಗೆ ಓಡಿ, "ಅಮ್ಮಾ, ಅವನು ಬರ್ತಾನೆ ಅನ್ಸುತ್ತೆ" ಅಂದುಬಿಟ್ಟಳು. "ಯಾರು ಹೇಳಿದ್ರು?" ಅಂದರು ಅಮ್ಮ. "ಸುದ್ದಿ ಬಂತು" ಅಂದಳು. ಅಮ್ಮ ಮುಂದೆ ಕೇಳಲಿಲ್ಲ. ಮಾರನೆಯ ದಿನ ನೋಡಿದರೆ ಹಿಂದೆ ಅವನಿದ್ದ ಒಳಕೋಣೆಯಲ್ಲಿ ಪೇರಿಸಿಟ್ಟಿದ್ದ ರೆಕ್ಸಿನ್ ಸುರುಳಿಗಳೆಲ್ಲ ಮೆಟ್ಟಿಲ ಕೆಳಗೆ, ಹಾಸಿಗೆ ಬಿಸಿಲಿಗೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವರ ಕತೆ ಏನಾಗಬೇಕೋ ಅದೇ ಆಯಿತು. ಆಲ್ಬಂ ಬಿಡುಗಡೆಯಾಯಿತು. ನೋಡಿದರೆ "ಹಸಿವು" ಮೊದಲನೆಯ ಹಾಡು, "ಅಗುಳಿ" ಕೊನೆಯದು! ಕದ್ದು ತಂದವನ ಕೈಯಲ್ಲಿ ಹಾಡಿನ ಕ್ರಮಸಂಖ್ಯೆಗಳು ಉದುರಿಹೋಗಿದ್ದವು. ಫೋನು ಪಾಪ ತನಗೆ ತಿಳಿದ ಹಾಗೆ ಅ-ಯಿಂದ ಹ-ವರೆಗೆ ಅಕ್ಷರಮಾಲೆಯಲ್ಲಿ ಸಾಲು ನಿಲ್ಲಿಸಿತ್ತು. ಇವರೆಲ್ಲ ಆ ಸಾಲನ್ನೇ ಕಲೆ ಅಂತ ಹಾಡಿ ಹೊಗಳಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಈಗ ಮುಖ ಉಳಿಸಿಕೊಳ್ಳಲು ಒಬ್ಬರ ಮೇಲೊಬ್ಬರು ಬಿದ್ದು ಅಂಕ ತಿದ್ದಿಕೊಡಿ ಅಂತ ಬಂದರು. ದಿಟ್ಟ ಕ್ರಮದ ಔಷಧಿ ಅಂಗಡಿಯವನು ತನಗೆ ಆಗಲೇ ಅನುಮಾನವಿತ್ತು ಅಂತ ಬರೆದ. ಸೋಫಾ ಅಕ್ಕ ಹಲ್ಲು ಕಡಿಯುತ್ತಾ ಎಲ್ಲರದ್ದನ್ನೂ ಒಪ್ಪುತ್ತಾ ಬಂದಳು. ಹುಡುಗ ಮನೆಗೆ ಬರಲಿಲ್ಲ ಅನ್ನುವುದೇ ಅವಳನ್ನು ಚುಚ್ಚುತ್ತಿತ್ತು.

ಆಗ ಬಂತು ಮೊಳೆಯ ಕೋರಿಕೆ. "ಒಂಬತ್ತನ್ನು ಹತ್ತು ಮಾಡಿಕೊಡಿ. ಕಾರಣ: ನಾನು ಕೇಳಿದ ಕ್ರಮ ತಪ್ಪಿತ್ತು. ನಿಜವಾದ ಆಲ್ಬಮ್ಮಿನಲ್ಲಿ ಅವನು ವಾಪಸ್ ಬರುವುದಿಲ್ಲ. ಅದೇ ಸರಿ. ಬಂದುಬಿಟ್ಟರೆ ಕತೆ ಅಗ್ಗವಾಗುತ್ತದೆ."

ಅದನ್ನು ಓದಿದ ಮೇಲೆಯೇ ಹಲ್ಲಿನ ಡಾಕ್ಟರ ಬೆಂಚಿಗೆ ಆ ಗತಿ ಬಂದದ್ದು. ಅಗ್ಗವಂತೆ! ಬಾರದೇ ಇದ್ದದ್ದಕ್ಕೆ ಒಂದು ಅಂಕ ಜಾಸ್ತಿಯಂತೆ! ಕೋರಿಕೆ ಇನ್ನೂ ಫೋನಿನಲ್ಲಿ ಹಾಗೇ ಕೂತಿತ್ತು, ಒಪ್ಪು ಅಥವಾ ತಿರಸ್ಕರಿಸು ಅಂತ. ಅವಳು ಎರಡನ್ನೂ ಒತ್ತದೆ ಬೆಂಚಿನ ಬಟ್ಟೆ ಪೂರ್ತಿ ಹರಿದು ಹಾಕಿದಳು. ಹರಿಯಲು ಇನ್ನೇನೂ ಉಳಿಯದಾದಾಗ ಮಹಡಿ ಹತ್ತಿದಳು.

"ಅಮ್ಮಾ, ಆ ಹಾಸಿಗೆ ಸುತ್ತಿಡು. ಅವನು ಬರಲ್ಲ."

ಅಮ್ಮ ಕಿಟಕಿಯ ಹತ್ತಿರ ಕೂತು ದಿಂಬಿಗೆ ಹೊಸ ಕವರು ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ಬರ್ತಾನೆ ಅಂತ ನಿಂಗೆ ಹೇಳಿದ್ದು ಯಾರು?"

"ಅವನೇ."

"ಫೋನ್ ಮಾಡಿದ್ನಾ?"

"ಇಲ್ಲ. ಒಂದು ಹಾಡಿಗೆ ಒಂಬತ್ತು ಅಂಕ ಕೊಟ್ಟಿದ್ದ."

ಸೂಜಿ ನಿಂತಿತು. "ಬರೋನು ಹಾಡಿಗೆ ಅಂಕ ಕೊಟ್ಟು ಹೇಳಿ ಕಳಿಸ್ತಾನೇನೇ? ಬುದ್ಧಿ ಇದೆಯಾ ನಿಂಗೆ?"

ಆಗ ಅವಳು ಎಲ್ಲಾ ಹೇಳಿದಳು. ಗುಂಪು, ಮೊಳೆ, ದಬ್ಬಣ, ಇಷ್ಟು ವರ್ಷದ ಅವರೇ-ಇವರೇ, ತಿರುವುಮುರುವಾದ ಹಾಡುಗಳು, ಈಗ ಅವನು ಕೇಳುತ್ತಿರುವ ಹತ್ತು. ಹೇಳುತ್ತಾ ಹೇಳುತ್ತಾ ಸಿಟ್ಟು ಮತ್ತೆ ನೆತ್ತಿಗೇರಿತು. ಅಮ್ಮನೂ ತನ್ನ ಜೊತೆ ಸೇರಿಕೊಂಡು ಅವನಿಗೆ ಹಿಡಿಶಾಪ ಹಾಕಲಿ ಅಂತ ಕಾದಳು. ಅಮ್ಮ ಹೊಲಿಗೆ ಪಕ್ಕಕ್ಕಿಟ್ಟರು.

"ಹಾಗಾದ್ರೆ ಅವನು ಬದುಕಿದಾನೆ ಅಂತ ನಿಂಗೆ ಗೊತ್ತಿತ್ತು."

ಸೋಫಾ ಅಕ್ಕ ಅಮ್ಮ ಪಕ್ಕಕ್ಕಿಟ್ಟ ದಿಂಬಿನ ಕವರನ್ನು ಎತ್ತಿ ಮಡಿಸತೊಡಗಿದಳು.

"ನಾನು ಬೆಳಿಗ್ಗೆ ಎದ್ದು ಪೇಪರಲ್ಲಿ ಮೊದಲು ಅಪಘಾತದ ಸುದ್ದಿ ಓದ್ತಿದ್ನಲ್ಲ, ಯಾಕೆ ಅಂದ್ಕೊಂಡಿದ್ದೆ? ಹೊತ್ತು ಹೋಗ್ಲಿ ಅಂತಾನಾ? ನೀನು ಎದುರಿಗೇ ಕೂತು ಕಾಫಿ ಕುಡೀತಿದ್ದೆ. ಕುಡೀತಾ ಕುಡೀತಾ ಫೋನಲ್ಲಿ ಅವನನ್ನ ನೋಡ್ತಿದ್ದೆ."

"ಹೇಳಿದ್ರೆ ನೀನು ಕರಿ ಅಂತಿದ್ದೆ ಅಮ್ಮ. ಕರೆದ್ರೆ ಅಲ್ಲಿಂದಾನೂ ಓಡಿಹೋಗ್ತಿದ್ದ."

"ಓಡ್ಲಿ! ಓಡೋಕೆ ಕಾಲು ಗಟ್ಟಿ ಇದೆ ಅಂತಾದ್ರೂ ಗೊತ್ತಾಗ್ತಿತ್ತು ನಂಗೆ." ಅಮ್ಮನ ಧ್ವನಿ ಅಪ್ಪನ ಧ್ವನಿಗಿಂತ ಎತ್ತರಕ್ಕೆ ಹೋದದ್ದನ್ನು ಆ ಮನೆ ಅದೇ ಮೊದಲು ಕೇಳಿತು. "ನಿಮ್ಮಪ್ಪನಿಗೆ ಹಟ, ಅವನಿಗೆ ಹಟ, ನಿಂಗೆ ಅವರಿಬ್ಬರನ್ನೂ ಮೀರಿಸಿದ ಹಟ. ಮೂರು ಜನ ಸೇರಿ ಆಟ ಆಡ್ಕೊಂಡ್ರಿ. ನಾನು ಇದ್ದೀನಿ ಅಂತ ಒಬ್ಬರಿಗಾದ್ರೂ ನೆನಪಾಯ್ತಾ?"

ಅವಳು ಗೋಡೆಗೆ ಒರಗಿ ನಿಂತಳು. ಇಡೀ ಬೆಳಿಗ್ಗೆ ತಮ್ಮನ ಮೇಲೆ ಉರಿದ ಸಿಟ್ಟು ಈಗ ತಿರುಗಿ ಅವಳನ್ನೇ ಸುಡುತ್ತಿತ್ತು, ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

"ಫೋನ್ ತೆಗಿ," ಅಂದರು ಅಮ್ಮ. "ಅವನಿಗೆ ಉತ್ತರ ಕೊಡಬೇಕು ತಾನೇ? ನಾನು ಹೇಳ್ತೀನಿ, ಬರ್ಕೋ."

"ಅದು ಎಲ್ಲರೂ ಓದೋ ಜಾಗ ಅಮ್ಮ."

"ಓದ್ಲಿ. ಅಂಕ ಕೊಡೋರೇ ಅಲ್ವಾ ಎಲ್ಲರೂ? ಇದಕ್ಕೂ ಕೊಡ್ಲಿ."

ಅವಳು "ತಿರಸ್ಕರಿಸು" ಒತ್ತಿದಳು. ಕಾರಣ ಬರೆಯಿರಿ ಅಂತ ಖಾಲಿ ಜಾಗ ತೆರೆದುಕೊಂಡಿತು. ಅಮ್ಮ ಹೇಳುತ್ತಾ ಹೋದರು, ಅವಳು ಒಂದಕ್ಷರ ತಿದ್ದದೆ ಬರೆಯುತ್ತಾ ಹೋದಳು.

"ಕತೆ ಅಗ್ಗ ಆಗುತ್ತೆ ಅಂದ್ಯಲ್ಲ, ಮನೆಗೆ ಬಂದು ಊಟ ಮಾಡೋದು ಅಗ್ಗದ ಕೆಲಸವೇನೋ? ಮೆಟ್ಟಿಲು ಹತ್ತಬೇಡ ಅಂದಿದ್ದು ನಿಮ್ಮಪ್ಪ. ಅವರ ಮಾತು ಅವರ ಜೊತೆಗೇ ಹೋಯ್ತು. ನಾನು ಯಾವತ್ತು ಅಂದಿದ್ದೆ ಹಾಗೆ? ನನ್ನ ಬಾಯಿಂದ ಆ ಮಾತು ಕೇಳಿದ್ಯಾ? ಕೇಳದೇ ಇರೋ ಮಾತಿಗೆ ನಂಗ್ಯಾಕೆ ಈ ಶಿಕ್ಷೆ? ಕಂಡಕಂಡವರ ಹಾಡಿಗೆಲ್ಲ ಅಂಕ ಕೊಡ್ತೀಯ. ನಿಮ್ಮಮ್ಮನಿಗೆ ಹತ್ತಕ್ಕೆ ಎಷ್ಟು ಕೊಡ್ತೀಯ, ಅದನ್ನ ಹೇಳು."

ಕಳಿಸು ಅಂದರು. ಕಳಿಸಿದಳು.

ಮೊದಲು ಔಷಧಿ ಅಂಗಡಿಯವನು, "ದಬ್ಬಣ ಅವರೇ, ನಿಮ್ಮ ಖಾತೆಯನ್ನು ಯಾರಾದರೂ ಹ್ಯಾಕ್ ಮಾಡಿದ್ದಾರೆಯೇ?" ಅಂತ ಕೇಳಿದ. ಅಮ್ಮ ಅವಳ ಭುಜದ ಮೇಲಿನಿಂದ ಬಗ್ಗಿ, ತಮ್ಮ ಕಣ್ಣಿಗೆ ನಿಲುಕದ ಸಣ್ಣ ಅಕ್ಷರಗಳನ್ನೇ ದಿಟ್ಟಿಸುತ್ತಿದ್ದರು. ಆಮೇಲೆ ಒಂದು ಸಾಲು ಬಂತು, ಮನುಷ್ಯರು ಬರೆದದ್ದಲ್ಲ, ಗುಂಪಿನ ಯಂತ್ರವೇ ಬರೆಯುವಂಥದ್ದು: ಮೊಳೆ ತಮ್ಮ ಕೋರಿಕೆಯನ್ನು ಹಿಂದಕ್ಕೆ ಪಡೆದಿದ್ದಾರೆ.

"ಏನಂತೆ?" ಅಂದರು ಅಮ್ಮ.

"ಒಂಬತ್ತೇ ಇರ್ಲಿ ಅಂತೆ."

"ಅಂದ್ರೆ ಬರ್ತಾನಾ?"

ಒಮ್ಮೆ ಹೇಳಿ ಸುಟ್ಟುಕೊಂಡಿದ್ದಳು. ಇನ್ನೊಮ್ಮೆ ಹೇಳುವ ಧೈರ್ಯ ಅವಳಿಗಿರಲಿಲ್ಲ. "ಗೊತ್ತಿಲ್ಲಮ್ಮ," ಅಂದಳು.

"ಹಾಗಾದ್ರೆ ಮುಂದಕ್ಕೆ ಬರ್ಕೋ," ಅಂದರು ಅಮ್ಮ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾ. "ನಾನಿನ್ನೂ ಬೈದು ಮುಗಿಸಿಲ್ಲ."